ತಟ್ಟೆ ಮೇಷ್ಟ್ರು ಮತ್ತು ಕೂಗಿಲ್ಲದ ಮಂಗಳವಾರ

ಕ್ರೀಡೆಗಳ ದೊಡ್ಡ ಕುಟುಂಬದಲ್ಲಿ ಅಲ್ಟಿಮೇಟ್ ಫ್ರಿಸ್ಬೀ ಎಂಬುದು ತಡವಾಗಿ ಹುಟ್ಟಿದ ಕೂಸು. ಅಣ್ಣಂದಿರ ಹಳೆಯ ಅಂಗಿ ತೊಟ್ಟು, ಅವರು ಆಡಿ ಬಿಟ್ಟ ಮೈದಾನದ ಮೂಲೆಯಲ್ಲಿ, ಅವರಿಗೆ ಬೇಡವಾದ ಹೊತ್ತಿನಲ್ಲಿ ಆಡಿಕೊಂಡು ಬೆಳೆದ ಆಟ ಅದು. ಏಳೇಳು ಮಂದಿಯ ಎರಡು ತಂಡ, ನಡುವೆ ಒಂದು ಪ್ಲಾಸ್ಟಿಕ್ ತಟ್ಟೆ. ತಟ್ಟೆ ಕೈಯಲ್ಲಿದ್ದವರು ಓಡುವಂತಿಲ್ಲ, ಎಸೆಯಬೇಕು. ಎದುರಿನವರ ಗಡಿಯೊಳಗೆ ನಿಂತ ತಮ್ಮವರು ಅದನ್ನು ಹಿಡಿದರೆ ಒಂದು ಅಂಕ. ತೀರ್ಪುಗಾರರು ಇಲ್ಲ. ತಪ್ಪು ಮಾಡಿದವರು ತಾವೇ ಒಪ್ಪಿಕೊಳ್ಳಬೇಕು, ಅನ್ಯಾಯವಾದವರು ತಾವೇ ಕೂಗಿ ಹೇಳಬೇಕು, ಆಮೇಲೆ ಇಬ್ಬರೂ ನಿಂತು ಮಾತಾಡಿ ಬಗೆಹರಿಸಿಕೊಳ್ಳಬೇಕು. ಇಂಥದೊಂದು ಆಟವನ್ನು ಸಂಬಳವಿಲ್ಲದೆ, ಸದ್ದಿಲ್ಲದೆ, ನಡುವೆ ಮೂರು ವರ್ಷ ಬಿಟ್ಟರೆ ಬಿಡುವಿಲ್ಲದೆ ಮೂವತ್ತೊಂದು ವರ್ಷ ಮಕ್ಕಳಿಗೆ ಕಲಿಸಿದವರು, ಈ ತಿಂಗಳು ಭೂಗೋಳದ ಶಿಕ್ಷಕರಾಗಿ ಸೇವೆಯಿಂದ ನಿವೃತ್ತರಾಗುತ್ತಿರುವ, ಊರಿಗೆಲ್ಲ ‘ತಟ್ಟೆ ಮೇಷ್ಟ್ರು’ ಎಂದೇ ಗೊತ್ತಿರುವ ನಮ್ಮ ಹಿರಿಯರು. ಮಕ್ಕಳಿಗೆ ಯಾವ ದಿನ ಯಾವ ಅಭ್ಯಾಸ ಕೊಡಬೇಕು ಎಂಬ ವಿದ್ಯೆಯಲ್ಲಿ ಅವರನ್ನು ಮೀರಿಸಿದವರು ಈ ಸೀಮೆಯಲ್ಲಿ ಇಲ್ಲ ಎಂದು ಎದುರಾಳಿ ತಂಡದ ತರಬೇತುದಾರರೂ ಹೇಳುತ್ತಾರೆ. ಆ ವಿದ್ಯೆಗೆ ಅವರು ತೆತ್ತ ಬೆಲೆಯ ಕಥೆಯನ್ನು ಹೇಳಲು ಹೊರಟ ಬರಹ ಇದು. ಹಾರ ತುರಾಯಿಯ ನಡುವೆ ಇದು ಸ್ವಲ್ಪ ಭಾರವಾಗಿ ಕಂಡರೆ ಓದುಗರು ಮನ್ನಿಸಬೇಕು.

ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮೇಷ್ಟ್ರು ಪುರಸಭೆಯ ಶಾಲೆಗೆ ಬಂದಾಗ ಅವರ ಸಂಗಡ ಬಂದದ್ದು ಒಂದು ಟ್ರಂಕು, ಸುರುಳಿ ಸುತ್ತಿದ ಬಟ್ಟೆಯ ನಕ್ಷೆಗಳು, ಕಾಲೇಜಿನ ಗೆಳೆಯನೊಬ್ಬ ಕೊಟ್ಟ ಬಿಳಿಯ ತಟ್ಟೆ. ಒಂದು ದಿನ ಗಾಳಿಯ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚುಗಳು ಆಕಳಿಸುತ್ತಿದ್ದವು. ಮೇಷ್ಟ್ರು ಮಾತು ನಿಲ್ಲಿಸಿ, ಟೇಬಲ್ಲಿನ ಡ್ರಾಯರಿನಿಂದ ತಟ್ಟೆ ತೆಗೆದು ಕಿಟಕಿಯಿಂದ ಹೊರಗೆ ಎಸೆದರು. ಎದುರುಗಾಳಿಗೆ ಮೂತಿ ಎತ್ತಿಕೊಂಡು ಹೋದ ತಟ್ಟೆ ಏರಿ ಏರಿ, ಆಕಾಶದಲ್ಲಿ ಒಂದು ಗಳಿಗೆ ಯೋಚನೆಗೆ ಬಿದ್ದಂತೆ ನಿಂತು, ಏನೋ ಮರೆತು ಬಂದವರಂತೆ ತಿರುಗಿ ಅದೇ ಕಿಟಕಿಯ ಕಡೆಗೆ ಜಾರಿತು. ಇಡೀ ತರಗತಿ ಎದ್ದು ನಿಂತಿತು. ಅಂದು ಸಂಜೆ ನೀರಿನ ಟ್ಯಾಂಕಿನ ಹಿಂದಿನ ಬಯಲಿಗೆ ಹನ್ನೊಂದು ಮಕ್ಕಳು ಬಂದರು. ತಂಡ ಹುಟ್ಟಿದ್ದು ಹಾಗೆ.

ಬಯಲಿನ ಒಂದು ಬದಿಗೆ ಟ್ಯಾಂಕು, ಇನ್ನೊಂದು ಬದಿಗೆ ಲಾಂಡ್ರಿಯ ಉದ್ದನೆಯ ಗೋಡೆ. ಗೋಡೆಯಾಚೆಯಿಂದ ಸದಾ ಸೋಪಿನ ವಾಸನೆಯ ಬಿಸಿ ಹಬೆ ಬರುತ್ತಿತ್ತು. ಟ್ಯಾಂಕಿನ ಬುಡದಲ್ಲಿ ಕೆಟ್ಟುಹೋದ ಪಂಪಿನ ಕೋಣೆ. ಅದೇ ತಂಡದ ಉಗ್ರಾಣ, ಕಚೇರಿ, ಮಳೆ ಬಂದರೆ ತರಗತಿ. ಒಳಗೆ ಮರಳು ತುಂಬಿದ ಪ್ಲಾಸ್ಟಿಕ್ ಬಾಟಲಿಗಳು (ಗುರುತಿಗೆ ನೆಡುವ ಕೋನ್‌ಗಳಿಗೆ ಬದಲು ಅವೇ), ಒಂದು ಉದ್ದನೆಯ ಬೆಂಚು, ಗೋಡೆಗೆ ಒರಗಿಸಿದ ಕರಿಹಲಗೆ, ಒಂದು ಬಿಸ್ಕತ್ತಿನ ಡಬ್ಬ. ಡಬ್ಬದ ತುಂಬ ಚೀಟಿಗಳು. ಹರಿದ ನಕ್ಷೆಗಳನ್ನು ಕತ್ತರಿಸಿ ಮಾಡಿದ ಆ ಒಂದೊಂದು ಚೀಟಿಯ ಹಿಂದೆ ಒಂದೊಂದು ಅಭ್ಯಾಸ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಓಟ.

ಅಭ್ಯಾಸಗಳಿಗೆ ಹೆಸರಿಡುವ ಹಕ್ಕು ಮಕ್ಕಳದು. ಎದುರಾಳಿಯ ಮೇಲಿಂದ ಕಣ್ಣು ಕೀಳದೆ ಕಾಯುವ ಅಭ್ಯಾಸಕ್ಕೆ ‘ಅತ್ತೆಯ ಕಣ್ಣು’ ಎಂದರು. ನಿಂತಲ್ಲಿಂದ ತಟ್ಟನೆ ಓಡುವುದಕ್ಕೆ ‘ಬಸ್ಸು ಬಂತು’. ಎತ್ತರಕ್ಕೆ ಹೋಗಿ ಗಾಳಿಯಲ್ಲಿ ನಿಂತುಬಿಡುವ ತಟ್ಟೆಗೆ ಎರಡು ಕಡೆಯಿಂದ ಇಬ್ಬರು ಓಡಿ ಬಂದು ಹಾರುವುದಕ್ಕೆ ‘ಹಾಲುಕ್ಕು’. ಒಲೆಯ ಮೇಲೆ ಹಾಲು ಉಕ್ಕಿದಾಗ ಮನೆಮಂದಿ ಓಡುವ ರೀತಿ ನೆನಪಾಗಿ ಯಾರೋ ಇಟ್ಟ ಹೆಸರು. ‘ಹಾಲುಕ್ಕಿ’ಗೆ ಒಂದೇ ನಿಯಮ: ಮೊದಲು ‘ನಂದು’ ಎಂದು ಕೂಗಿದವರಿಗೆ ತಟ್ಟೆ, ಕೂಗು ಕೇಳಿದವರು ಪಕ್ಕಕ್ಕೆ ಸರಿಯಬೇಕು.

ಭಾನುವಾರ ಮಧ್ಯಾಹ್ನ ಮೇಷ್ಟ್ರು ಮನೆಯ ನೆಲದ ಮೇಲೆ ಚೀಟಿಗಳನ್ನು ಹರಡಿಕೊಂಡು ಕೂರುತ್ತಿದ್ದರು. ಕೈಗೆ ಒಂದು, ಕಾಲಿಗೆ ಒಂದು, ಕಣ್ಣಿಗೆ ಒಂದು, ಬರೀ ನಗುವುದಕ್ಕೆ ಒಂದು, ದಿನಕ್ಕೆ ನಾಲ್ಕೇ. ಅವರ ಅಕ್ಕ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ತಮ್ಮನ ಜೊತೆಗೇ ಇದ್ದವರು. ಚೀಟಿಗಳನ್ನು ದಾಟಿಕೊಂಡು ಹೋಗುವಾಗ, “ಇನ್ನೊಬ್ಬರ ಮಕ್ಕಳಿಗೆ ಏನು ಬಡಿಸೋದು ಅಂತ ಇಷ್ಟು ಯೋಚಿಸ್ತೀಯಲ್ಲ, ಮನೆಗೆ ಸೋಪು ತಗೊಂಡು ಬಾ ಅಂದ್ರೆ ಮೂರು ದಿನ ಮರೀತೀಯ” ಎನ್ನುತ್ತಿದ್ದರು. ಮೇಷ್ಟ್ರು ತಲೆ ಎತ್ತುತ್ತಿರಲಿಲ್ಲ. ಒಂದೊಂದು ಚೀಟಿ ಆರಿಸುವಾಗಲೂ ಒಂದು ಮಗುವಿನ ಮುಖ ನೆನೆಯುತ್ತಿದ್ದರು.

ಹಾಗೆ ನೆನೆದು ಆರಿಸಿದ್ದರಿಂದಲೇ ‘ಏಣಿ’ಯ ಬೆನ್ನು ನೆಟ್ಟಗಾಯಿತು. ಹನ್ನೊಂದನೆಯ ವಯಸ್ಸಿಗೇ ಎಲ್ಲರಿಗಿಂತ ಒಂದು ಗೇಣು ಎತ್ತರವಾಗಿದ್ದ ಆ ಹುಡುಗಿ ನಾಚಿಕೆಯಿಂದ ಬಾಗಿ ನಡೆಯುತ್ತಿದ್ದಳು. ಮೇಷ್ಟ್ರು ಅವಳಿಗೆ ಬುದ್ಧಿ ಹೇಳಲಿಲ್ಲ. ಒಂದು ತಿಂಗಳು ಅವಳ ಕಡೆಗೆ ಬರುವ ತಟ್ಟೆಗಳೆಲ್ಲ ಉಳಿದವರ ತಲೆಯ ಮೇಲಿನಿಂದಲೇ ಹಾದು ಬರುವಂಥ ಅಭ್ಯಾಸ ಆರಿಸಿದರು, ಅಷ್ಟೇ. ಬಾಗಿದರೆ ಸಿಗುವುದಿಲ್ಲ, ಚಾಚಿದರೆ ಅವಳೊಬ್ಬಳಿಗೇ ಸಿಗುತ್ತದೆ. ತಿಂಗಳ ಕೊನೆಗೆ ಅವಳ ತಾಯಿ, ಬಟ್ಟೆ ಹೊಲಿಯುವ ಹೆಂಗಸು, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಯಲಿಗೆ ಬಂದು, “ಮೇಷ್ಟ್ರೇ, ಹೋದ ತಿಂಗಳ ಅಳತೆ ತಪ್ಪೋಯ್ತು. ಇವಳು ಎರಡು ಇಂಚು ಬೆಳೆದಿದ್ದಾಳೋ, ಇಲ್ಲ ನೆಟ್ಟಗೆ ನಿಂತಿದ್ದಾಳೋ?” ಎಂದು ಕೇಳಿದರು.

ಏಣಿಗಿಂತ ಎರಡು ವರ್ಷ ಚಿಕ್ಕವಳು ‘ಗುಬ್ಬಿ’. ಹಿಡಿಯಷ್ಟು ಮೈ, ಊರಗಲ ಬಾಯಿ. ಬಯಲಿನ ಆ ತುದಿಗೆ ಹೋಗುವ ತಟ್ಟೆಗೂ ಈ ತುದಿಯಲ್ಲಿ ನಿಂತು ‘ನಂದು! ನಂದು!’ ಎಂದು ಕಿರುಚುತ್ತಿದ್ದಳು. ಲಾಂಡ್ರಿಯ ಗೋಡೆಯ ಮೇಲೆ ಒಂದು ತಲೆ ಮೂಡಿ, “ಏ ಮರಿ, ಇಡೀ ಬೀದಿ ನಿಂದೇ, ತಗೋ! ನಮ್ಮ ಕಿವಿ ಬಿಟ್ಟುಬಿಡು!” ಎಂದು ಬೇಡಿಕೊಂಡದ್ದುಂಟು. ಏಣಿಗೆ ಗುಬ್ಬಿಯೆಂದರೆ ಪ್ರಾಣ. ಅಭ್ಯಾಸ ಮುಗಿದ ಮೇಲೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಟ್ಯಾಂಕಿನ ಸುತ್ತ ಒಂದು ಸುತ್ತು ಹಾಕಿಯೇ ಮನೆಗೆ ಹೋಗುತ್ತಿದ್ದಳು.

ಮೇಷ್ಟ್ರ ಸೇವೆಯ ಹದಿಮೂರನೆಯ ವರ್ಷ. ತಂಡ ಮೊದಲ ಬಾರಿಗೆ ಪಂದ್ಯಾವಳಿಯ ಕೊನೆಯ ಆಟಕ್ಕೆ ಹೋಗಿತ್ತು. ಅಂಕ ಸಮ, ಇನ್ನೊಂದು ಹಿಡಿದವರು ಗೆದ್ದಂತೆ. ತಟ್ಟೆ ಎದುರುಗಾಳಿಗೆ ಸಿಕ್ಕಿ ಮೇಲೇರಿತು, ನಿಂತಿತು, ಇಳಿಯತೊಡಗಿತು. ಕೆಳಗೆ ಏಣಿ, ಗುಬ್ಬಿ ಇಬ್ಬರೇ. ಗುಬ್ಬಿ ದೊಡ್ಡವಳಿಗೆ ಬಿಟ್ಟುಕೊಡೋಣವೆಂದು “ನಿಂದು!” ಎಂದಳು. ಏಣಿ ಚಿಕ್ಕವಳು ಆಸೆಪಟ್ಟಾಳೆಂದು “ಇಲ್ಲ, ನಿಂದು!” ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ತಟ್ಟೆ ಅವರ ನಡುವೆ ಹುಲ್ಲಿನ ಮೇಲೆ ಮೆತ್ತಗೆ ಕುಳಿತಿತು. ಎದುರಿನ ತಂಡ ಅದನ್ನು ಎತ್ತಿಕೊಂಡು ಎರಡೇ ಎಸೆತಕ್ಕೆ ಗೆದ್ದಿತು.

ವ್ಯಾನಿನಲ್ಲಿ ಮರಳುವಾಗ ಮಕ್ಕಳು ಆಗಲೇ ನಗತೊಡಗಿದ್ದರು. “ನಿಂದು”, “ಇಲ್ಲಾ, ನಿಂದು” ಎಂದು ಒಬ್ಬರಿಗೊಬ್ಬರು ಬ್ರೆಡ್ಡಿನ ತುಂಡು ಕೊಟ್ಟು ಅಣಕಿಸುತ್ತಿದ್ದರು. ಮೇಷ್ಟ್ರು ನಗಲಿಲ್ಲ. ಆ ಭಾನುವಾರ ಅವರು ಚೀಟಿಗಳನ್ನು ಹರಡಲಿಲ್ಲ. ಡಬ್ಬದಿಂದ ಒಂದೇ ಚೀಟಿ ತೆಗೆದು ಕಿಸೆಗೆ ಹಾಕಿಕೊಂಡರು. ಆ ಚೀಟಿ ತೆಗೆಯುವಾಗ ಯಾವ ಮಗುವಿನ ಮುಖವೂ ತಮಗೆ ನೆನಪಾಗಲಿಲ್ಲ, ಹುಲ್ಲಿನ ಮೇಲೆ ಕುಳಿತ ತಟ್ಟೆಯೊಂದೇ ಕಾಣುತ್ತಿತ್ತು ಎಂದು ಅವರು ಮುಂದೆ ಹೇಳಿದ್ದಾರೆ.

ಮಂಗಳವಾರ ಕರಿಹಲಗೆಯ ಮೇಲೆ ನಾಲ್ಕು ಹೆಸರಿರಲಿಲ್ಲ. ‘ಹಾಲುಕ್ಕು, ಒಂದು ಗಂಟೆ. ಕೂಗು ಇಲ್ಲ’ ಎಂದು ಬರೆದಿತ್ತು.

“ಕೂಗು ಇಲ್ಲ ಅಂದ್ರೆ ಹೆಂಗೆ ಮೇಷ್ಟ್ರೇ?” ಎಂದು ಕೇಳಿದವಳು ಗುಬ್ಬಿಯೇ.

“ನೀವು ಕೂಗೋದರ ಹಿಂದೆ ಅಡಗಿಕೊಳ್ತಿದ್ದೀರ. ಮನೇಲಿ ಹಾಲು ಉಕ್ಕಿದಾಗ ಯಾರ ಸರದಿ ಅಂತ ಕೇಳ್ಕೊಂಡು ಕೂರ್ತಾರಾ? ಇಬ್ರೂ ಓಡಿ. ಕೊನೇವರೆಗೂ ಓಡಿ. ಇವತ್ತು ಯಾರ ಬಾಯಿಂದಾನೂ ‘ನಂದು’ ಬರಬಾರದು. ನಿನ್ನ ಬಾಯಿಂದ ಅಂತೂ ಬರಲೇಬಾರದು.”

ಎಲ್ಲರೂ ನಕ್ಕರು. ಗುಬ್ಬಿ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು.

ಒಂಬತ್ತನೆಯ ಸುತ್ತು. ಟ್ಯಾಂಕಿನ ಕಡೆಯಿಂದ ಗುಬ್ಬಿ, ಗೋಡೆಯ ಕಡೆಯಿಂದ ಏಣಿ. ಮೇಷ್ಟ್ರೇ ಎಸೆದ ತಟ್ಟೆ ಚೆನ್ನಾಗಿ ಏರಿ, ಚೆನ್ನಾಗಿ ನಿಂತಿತು. ಅದಕ್ಕಿಂತ ಒಳ್ಳೆಯ ಎಸೆತ ಅಂದು ಅವರ ಕೈಯಿಂದ ಬಂದಿರಲಿಲ್ಲ. ಇಬ್ಬರ ಕಣ್ಣೂ ಆಕಾಶದಲ್ಲಿದ್ದವು. ಏಣಿ ಹಾರಿದಳು, ಹಿಡಿದಳು. ಅವಳ ಕಾಲು ಇನ್ನೂ ನೆಲಕ್ಕೆ ತಾಗುವ ಮೊದಲೇ ಗುಬ್ಬಿ ಅವಳ ಸೊಂಟಕ್ಕೆ ಬಂದು ಬಡಿದಳು. ಏಣಿ ಗಾಳಿಯಲ್ಲೇ ಮಗುಚಿ, ಹುಲ್ಲು ಸವೆದು ಗಟ್ಟಿಯಾಗಿದ್ದ ನೆಲಕ್ಕೆ ತಲೆಯ ಬದಿಯಿಂದ ಬಿದ್ದಳು.

ಬಿದ್ದವಳು ಎದ್ದು ಕೂತಳು. “ಹಿಡಿದ್ನಾ?” ಎಂದಳು. ಕೈಯಲ್ಲಿ ತಟ್ಟೆ ಇತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಅವಳನ್ನು ಪಂಪಿನ ಕೋಣೆಯ ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ, ಬಯಲಿಗೆ ಮರಳಿದರು. ಇನ್ನೂ ನಾಲ್ಕು ಸುತ್ತು ನಡೆಯಿತು. ಐದನೆಯದಕ್ಕೆ ಕೋಣೆಯ ಬಾಗಿಲಿನಿಂದ ಒಂದು ಮಗು, “ಮೇಷ್ಟ್ರೇ, ಏಣಿ ವಾಂತಿ ಮಾಡ್ತಿದ್ದಾಳೆ, ನಮ್ಮ ಹೆಸರು ಕೇಳಿದ್ರೆ ತಪ್ಪು ತಪ್ಪು ಹೇಳ್ತಿದ್ದಾಳೆ” ಎಂದು ಕೂಗಿತು.

ಆಸ್ಪತ್ರೆಯಲ್ಲಿ ಮೂರು ದಿನ. ಮೂರನೆಯ ದಿನ ಮಧ್ಯಾಹ್ನ, ತಾಯಿ ಹಾಸಿಗೆಯ ಪಕ್ಕದಲ್ಲಿ ಕೂತಿರುವಾಗಲೇ ಏಣಿ ಹೋದಳು. ಅವಳಿಗೆ ಹದಿನೈದು.

ಮನೆಗೆ ಬಂದ ತಮ್ಮನನ್ನು ಅಕ್ಕ ಒಂದೇ ಪ್ರಶ್ನೆ ಕೇಳಿದರು. “ಬಿದ್ದ ಮೇಲೆ ಎಷ್ಟು ಹೊತ್ತು ಕೂರಿಸಿದ್ದೆ?”

“ಇಪ್ಪತ್ತು ನಿಮಿಷ ಆಗಿರಬಹುದು.”

ಅಕ್ಕ ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ನಲ್ಲಿಯ ಕೆಳಗೆ ಹಾಕಿ ತಿಕ್ಕತೊಡಗಿದರು.

ವಿಚಾರಣೆ ನಡೆದದ್ದು ಪುರಸಭೆಯ ಕ್ರೀಡಾ ಕಚೇರಿಯಲ್ಲಿ, ಮೂರನೆಯ ಮಹಡಿಯಲ್ಲಿ. ಅಲ್ಲಿಯ ಕಾರ್ಯದರ್ಶಿ ಕೆಟ್ಟವರಲ್ಲ. ಮೇಷ್ಟ್ರಿಗೆ ಕುರ್ಚಿ ಎಳೆದು ಕೊಟ್ಟವರು, ಟೀ ತರಿಸಿದವರು. ವರದಿಯನ್ನು ಅವರೇ ಟೈಪು ಮಾಡಿಸಿ ಇಟ್ಟಿದ್ದರು. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಹಿಡಿಯುವವರು ಕೂಗಿ ತಿಳಿಸಬೇಕೆಂಬ ತರಬೇತುದಾರರ ಸೂಚನೆಯನ್ನು ಮೀರಿ ಎರಡನೆಯ ಆಟಗಾರ್ತಿಯು ಸದ್ದಿಲ್ಲದೆ ನುಗ್ಗಿದ್ದರಿಂದ ಈ ಅವಘಡ ಸಂಭವಿಸಿದೆ.’ ಎರಡನೆಯ ಆಟಗಾರ್ತಿಯೆಂದರೆ ಗುಬ್ಬಿ. ಅವಳ ಪೂರ್ತಿ ಹೆಸರು, ತರಗತಿ, ವಯಸ್ಸು ಹದಿಮೂರು ಎಂಬುದೆಲ್ಲ ಅಲ್ಲಿತ್ತು.

“ಹಂಗೆ ಆಗಲಿಲ್ಲ” ಎಂದರು ಮೇಷ್ಟ್ರು.

“ಮೇಷ್ಟ್ರೇ, ಕೇಳಿ. ತಪ್ಪು ನಿಮ್ಮದು ಅಂತ ಬರೆದ್ರೆ ತಂಡ ಮುಚ್ಚುತ್ತೆ, ಬಯಲು ಹೋಗುತ್ತೆ, ನಿಮ್ಮ ನೌಕರಿಗೂ ಕುತ್ತು. ಇವಳು ಚಿಕ್ಕ ಹುಡುಗಿ. ಇವಳಿಗೆ ಯಾರು ಏನು ಮಾಡ್ತಾರೆ? ಒಂದು ಸಾಲು, ಅಷ್ಟೆ. ಕಡತದೊಳಗೆ ಹೋದ್ರೆ ಮುಗೀತು, ದೇವರೂ ತೆಗೆದು ಓದಲ್ಲ.”

ಮೇಷ್ಟ್ರು ಸಹಿ ಹಾಕಿದರು.

ಅಭಿನಂದನೆಯ ಪುಟದಲ್ಲಿ ಈ ಮೂರು ಪದ ಬರೆಯುವುದು ಸುಲಭವಲ್ಲ. ಆದರೂ ನಡೆದದ್ದು ಇದೇ. ಹನ್ನೊಂದು ದಿನ ಅವರು ಆ ಸಹಿಯ ಜೊತೆ ಬದುಕಿದರು. ತರಗತಿಯಲ್ಲಿ ನದಿಗಳ ಹೆಸರು ಹೇಳಿದರು, ಉಂಡರು, ಅಂಗಿಗೆ ಇಸ್ತ್ರಿ ಹಾಕಿಕೊಂಡರು. ಹನ್ನೆರಡನೆಯ ದಿನ ಏಣಿಯ ತಾಯಿಯನ್ನು ನೋಡಲು ಹೋದರು.

ಆ ತಾಯಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಕಾಲು ತುಳಿಯುತ್ತಿತ್ತು, ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಕಚೇರಿಯಿಂದ ಬಂದ ವರದಿಯ ಪ್ರತಿ ಕಿಟಕಿಯ ಕಟ್ಟೆಯ ಮೇಲಿತ್ತು, ಅದರ ಮೇಲೆ ಕತ್ತರಿ ಇಟ್ಟಿದ್ದರು.

“ಆ ಚಿಕ್ಕ ಹುಡುಗಿ ನಿಮ್ಮ ಮಾತು ಮೀರಿದ್ಳಂತೆ?” ಎಂದರು.

ಮೇಷ್ಟ್ರು ಕತ್ತರಿಯ ಕೆಳಗಿನ ವರದಿಯನ್ನು ನೋಡಿದರು.

“ಮೊನ್ನೆ ಬಂದಿದ್ಳು. ಇಲ್ಲೇ, ನೀವು ನಿಂತಿದ್ದೀರಲ್ಲ, ಅಲ್ಲೇ ನಿಂತ್ಕೊಂಡು ‘ಅಮ್ಮಾ, ನಾನು ಕೂಗಬೇಕಿತ್ತು’ ಅಂದ್ಳು. ಹತ್ತು ಸಲ ಅಂದ್ಳು. ಕೂಗಬೇಡ ಅಂದವರು ಯಾರು ಅಂತ ಒಂದು ಸಲಾನೂ ಹೇಳ್ಲಿಲ್ಲ. ಉಳಿದ ಮಕ್ಕಳು ನಂಗೆ ಮೊದಲೇ ಹೇಳಿದ್ರು ಮೇಷ್ಟ್ರೇ. ಕಚೇರಿಯವರು ಮಕ್ಕಳನ್ನ ಕೇಳ್ಲಿಲ್ಲ, ನಾನು ಕೇಳ್ದೆ. ಅವಳು ನಿಮ್ಮನ್ನ ಬಿಟ್ಕೊಡ್ಲಿಲ್ಲ. ನೀವು?”

ಮೇಷ್ಟ್ರು, “ತಪ್ಪು ನಂದು ತಾಯಿ” ಎಂದರು.

“ಅದು ನಂಗೆ ಗೊತ್ತು. ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಾಗಲ್ಲ, ಕೇಳಬೇಡಿ. ಆದ್ರೆ ನನ್ನ ಮಗಳ ಹೆಸರಿನ ಪಕ್ಕದಲ್ಲಿ ಸುಳ್ಳು ಇರಬಾರದು. ಅದನ್ನ ಬಿಚ್ಚಿಹಾಕಿ. ನೀವು ಹೊಲಿದಿದ್ದು, ನೀವೇ ಬಿಚ್ಚಬೇಕು.”

ಮರುದಿನ ಬೆಳಗ್ಗೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಮೇಷ್ಟ್ರು ಮೂರನೆಯ ಮಹಡಿಯಲ್ಲಿದ್ದರು. ಕಾರ್ಯದರ್ಶಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಕಡತ ಮೇಲಕ್ಕೆ ಹೋಗಿ, ಒಪ್ಪಿಗೆಯಾಗಿ, ಮುಚ್ಚಿಹೋಗಿತ್ತು. ಬೇಕಾದರೆ ಪ್ರತ್ಯೇಕ ಪತ್ರ ಕೊಡಿ ಎಂದರು. ಮೇಷ್ಟ್ರು ಅಲ್ಲೇ ಕೂತು ಪತ್ರ ಬರೆದು ಕೊಟ್ಟರು. ಅಂದು ಸಂಜೆ ಪೋಷಕರನ್ನೆಲ್ಲ ಪಂಪಿನ ಕೋಣೆಗೆ ಕರೆಸಿ, ಕರಿಹಲಗೆಯನ್ನು ಬೆಳಕಿಗೆ ಎಳೆದು, ದೊಡ್ಡ ಅಕ್ಷರದಲ್ಲಿ ಬರೆದರು: ‘ಅವಳು ನನ್ನ ಮಾತು ಕೇಳಿದಳು. ಕೂಗಬೇಡ ಎಂದವನು ನಾನು.’ ಗುಬ್ಬಿಯ ಅಪ್ಪ ಮಗಳ ಕೈ ಹಿಡಿದುಕೊಂಡು ಅದನ್ನು ಎರಡು ಸಲ ಓದಿ, ಮೇಷ್ಟ್ರ ಮುಖ ನೋಡದೆ ಹೊರಗೆ ಹೋದರು. ಗುಬ್ಬಿ ಮತ್ತೆ ಆ ಬಯಲಿಗೆ ಕಾಲಿಡಲಿಲ್ಲ.

ಆಮೇಲೆ ಕಾರ್ಯದರ್ಶಿ ಹೇಳಿದ್ದೆಲ್ಲ ಒಂದೊಂದಾಗಿ ಆಯಿತು. ಕರಿಹಲಗೆಯ ಮಾತು ಊರಿಗೆಲ್ಲ ಗೊತ್ತಾಗಿ ತಂಡ ಮುಚ್ಚಿತು. ಬಯಲಿನಲ್ಲಿ ಲಾರಿಗಳು ನಿಲ್ಲತೊಡಗಿದವು. ಶಾಲೆಯಲ್ಲಿ ಮೇಷ್ಟ್ರ ಬಡ್ತಿ ನಿಂತಿತು. ನಿವೃತ್ತಿಯ ದಿನದವರೆಗೂ ಅವರು ಸೇರಿದ ಹುದ್ದೆಯಲ್ಲಿಯೇ ಉಳಿದರು. ಆದರೆ ಕಡತದೊಳಗಿನ ಆ ಸಾಲು ಮಾತ್ರ ಬದಲಾಗಲಿಲ್ಲ. ಶಿಕ್ಷೆಗೆ ಕರಿಹಲಗೆ ಸಾಕಾಯಿತು, ತಿದ್ದುಪಡಿಗೆ ಸಾಕಾಗಲಿಲ್ಲ.

ಮೂರು ವರ್ಷದ ಮೇಲೆ ಪೋಷಕರೇ ಓಡಾಡಿ ಬಯಲನ್ನು ಬಿಡಿಸಿಕೊಂಡು ಮೇಷ್ಟ್ರನ್ನು ಕರೆದರು. ಮೇಷ್ಟ್ರು ಬಂದರು, ಡಬ್ಬವನ್ನೂ ತಂದರು, ‘ಹಾಲುಕ್ಕಿ’ನ ಚೀಟಿಯೊಂದನ್ನು ಮನೆಯಲ್ಲೇ ಬಿಟ್ಟು. ಅಕ್ಕ ಗಮನಿಸದೆ ಇರುತ್ತಾರೆಯೇ?

“ಅದನ್ನ ಯಾಕೋ ಬಿಟ್ಟು ಹೋಗ್ತಿದ್ದೀಯ?”

“ಅದು ಬೇಡ ಅಕ್ಕ. ಇನ್ನು ಯಾವತ್ತೂ ಬೇಡ.”

“ನೀನು ಕಲಿಸದೆ ಇದ್ರೆ ಆಟದಲ್ಲಿ ತಟ್ಟೆ ಮೇಲಕ್ಕೆ ಹೋಗೋದೇ ಇಲ್ವಾ? ಕಲೀದೆ ಇರೋ ಮಕ್ಕಳು ಒಬ್ಬರ ಮೇಲೊಬ್ಬರು ಬೀಳಲ್ವಾ? ಆವತ್ತು ಸೋತ ಸಿಟ್ಟಿಗೆ ಆರಿಸಿದೆ, ಇವತ್ತು ನಿನ್ನ ಭಯಕ್ಕೆ ಆರಿಸ್ತಿದ್ದೀಯ. ಮಕ್ಕಳಿಗೆ ಏನು ಬೇಕು ಅಂತ ಯಾವಾಗ ಆರಿಸ್ತೀಯೋ?”

ಅಭ್ಯಾಸ ಆರಿಸುವ ಕುರಿತು ಮೇಷ್ಟ್ರಿಗೆ ಯಾರಾದರೂ ಪಾಠ ಹೇಳಿದ್ದಿದ್ದರೆ ಅದು ಇದೊಂದೇ. ಅಂದಿನಿಂದ ‘ಹಾಲುಕ್ಕು’ ಮರಳಿತು, ಆದರೆ ಬೇರೆ ರೂಪದಲ್ಲಿ. ಹೊಸದಾಗಿ ಬಂದ ಮಕ್ಕಳು ಮೊದಲ ವಾರ ತಟ್ಟೆ ಮುಟ್ಟುವಂತಿಲ್ಲ. ಸಾಲಾಗಿ ನಿಂತು ಕೂಗಬೇಕು. ‘ನಂದು’ ಎನ್ನುವುದು ಗಂಟಲಿನಿಂದ ಬಂದರೆ ಸಾಲದು, ಹೊಟ್ಟೆಯಿಂದ ಬರಬೇಕು. ಲಾಂಡ್ರಿಯವರು ದೂರು ಕೊಟ್ಟರೆ ಆ ಮಗು ಪಾಸು. ಆಮೇಲೆ ಒಬ್ಬರು ಓಡಬೇಕು, ಇನ್ನೊಬ್ಬರು ಸರಿದು ನಿಲ್ಲುವುದನ್ನಷ್ಟೇ ಕಲಿಯಬೇಕು. ಇಬ್ಬರೂ ಒಟ್ಟಿಗೆ ಓಡುವುದು ಆರು ತಿಂಗಳ ಮೇಲೆ. ಸೋತ ವಾರ ಮೇಷ್ಟ್ರು ಹೊಸ ಅಭ್ಯಾಸ ಆರಿಸುವುದನ್ನೇ ಬಿಟ್ಟರು. ಹಿಂದಿನ ವಾರದ್ದನ್ನೇ ಮತ್ತೆ ಮಾಡಿಸುತ್ತಿದ್ದರು. ಕರಿಹಲಗೆಯ ಕೆಳಗೆ ಸದಾ ಒಂದು ಸೀಮೆಸುಣ್ಣ ಇರುತ್ತಿತ್ತು: ಯಾವ ಮಗುವಾದರೂ ಬಂದು ಯಾವ ಅಭ್ಯಾಸವನ್ನಾದರೂ ಹೊಡೆದುಹಾಕಬಹುದು, ಕಾರಣ ಹೇಳಬೇಕಾಗಿಲ್ಲ. ತಲೆಗೆ ಪೆಟ್ಟು ತಿಂದ ಮಗು ಎಷ್ಟೇ ನಗುತ್ತಿದ್ದರೂ ನೇರ ಆಸ್ಪತ್ರೆಗೆ. ತಂಡ ಹಿಂದಿನಷ್ಟು ಗೆಲ್ಲಲಿಲ್ಲ.

ಗುಬ್ಬಿ ಬೆಳೆದಳು. ಮಾತು ಕಡಿಮೆಯಾದ ಹುಡುಗಿ ಈಜು ಕಲಿತಳು, ಪುರಸಭೆಯ ಈಜುಕೊಳದಲ್ಲಿ ಮಕ್ಕಳನ್ನು ಕಾಯುವ ದಿನಗೂಲಿ ಕೆಲಸಕ್ಕೆ ಸೇರಿದಳು. ನೀರಿನ ಅಂಚಿನಲ್ಲಿ ನಿಂತು ದಿನವಿಡೀ, “ಏ, ಆ ಕಡೆ ಆಳ! ಈಚೆ ಬಾ!” ಎಂದು ಕೂಗುವ ಕೆಲಸ. ಇಪ್ಪತ್ತೆರಡರಲ್ಲಿ ಒಮ್ಮೆ, ಇಪ್ಪತ್ತಾರರಲ್ಲಿ ಇನ್ನೊಮ್ಮೆ ಖಾಯಂ ಹುದ್ದೆಗೆ ಅರ್ಜಿ ಹಾಕಿದಳು. ಎರಡು ಸಲವೂ ಹಳೆಯ ಕಡತ ತೆರೆದರು. ದೇವರು ತೆಗೆದು ಓದದೆ ಇದ್ದದ್ದನ್ನು ಒಬ್ಬ ಗುಮಾಸ್ತ ತೆಗೆದು ಓದಿದ. ‘ಸೂಚನೆ ಮೀರಿ ಸಹ ಆಟಗಾರ್ತಿಯ ಸಾವಿಗೆ ಕಾರಣಳಾದ ಹಿನ್ನೆಲೆಯಿರುವುದರಿಂದ ಮಕ್ಕಳ ಹೊಣೆ ವಹಿಸಲು ತಕ್ಕವಳಲ್ಲ’ ಎಂದು ಉತ್ತರ ಬಂತು. ಈಗ ಅವಳಿಗೆ ಮೂವತ್ತೊಂದು. ಬರುವ ವರ್ಷ ವಯಸ್ಸಿನ ಮಿತಿ ದಾಟುತ್ತದೆ. ಇದೇ ಕೊನೆಯ ಅರ್ಜಿ.

ಹದಿನೆಂಟು ವರ್ಷ, ವರ್ಷಕ್ಕೊಂದರಂತೆ ಮೇಷ್ಟ್ರು ಪತ್ರ ಬರೆದರು. ಪ್ರತಿ ಸಲ ತಾವೇ ಮೂರನೆಯ ಮಹಡಿ ಹತ್ತಿ ಕೊಟ್ಟು ಬಂದರು. ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಉತ್ತರ ಬಂದದ್ದುಂಟು. ಈ ವರ್ಷ ದಾಖಲೆ ಕೋಣೆಗೆ ಹೊಸದಾಗಿ ಬಂದ ಗುಮಾಸ್ತೆಯೊಬ್ಬಳು ಅವರನ್ನು ಕೂರಿಸಿ ನಿಜ ಹೇಳಿದಳು.

“ಸರ್, ನಿಮ್ಮ ಪತ್ರ ಎಲ್ಲಾ ಇಲ್ಲೇ ಇದೆ, ನೋಡಿ, ದಾರ ಕಟ್ಟಿ ಇಟ್ಟಿದ್ದಾರೆ. ಮುಚ್ಚಿದ ಕಡತಕ್ಕೆ ಪತ್ರ ಸೇರಿಸೋ ಹಂಗಿಲ್ಲ. ಅಚ್ಚಾಗಿ ಹೊರಗೆ ಬಂದಿರೋ ದಾಖಲೆ ಆದ್ರೆ ಲಗತ್ತಿಸಬಹುದು. ಪೇಪರ್‌ನಲ್ಲಿ ಏನಾದ್ರೂ ಬಂದಿತ್ತಾ?”

“ಇಲ್ಲಮ್ಮ. ಪುಸ್ತಕ ಆಗುತ್ತಾ?”

“ಮುದ್ರಕರ ಹೆಸರು, ವರ್ಷ, ನಾಲ್ಕು ಜನರ ಸಾಕ್ಷಿ ಇದ್ರೆ ಯಾಕಾಗಲ್ಲ?”

ಅಭಿನಂದನ ಗ್ರಂಥದ ಮಾತೆತ್ತಿದಾಗ, “ನನಗೆ ಯಾಕ್ರಯ್ಯಾ ಅದೆಲ್ಲ” ಎಂದು ಎರಡು ಬಾರಿ ಹಳೆಯ ಶಿಷ್ಯರನ್ನು ಹೊರಗಟ್ಟಿದ್ದ ಮೇಷ್ಟ್ರು ಮರುದಿನವೇ ಒಪ್ಪಿಗೆ ಕೊಟ್ಟರು. ಅಕ್ಕನಿಗೆ ಆಶ್ಚರ್ಯ. “ಹೊಗಳಿಸ್ಕೊಳ್ಳೋಕೆ ಒಪ್ಪಿದ್ಯಾ? ಮೈ ಸರಿ ಇದೆಯೇನೋ?” ಎಂದು ಹಣೆ ಮುಟ್ಟಿ ನೋಡಿದರು. ಮೇಷ್ಟ್ರು ಹಾಕಿದ ಷರತ್ತು ಒಂದೇ: ಉಳಿದ ಪುಟಗಳಲ್ಲಿ ಏನು ಬೇಕಾದರೂ ಬರೆಯಿರಿ, ಒಂದು ಲೇಖನದಲ್ಲಿ ಆ ಮಂಗಳವಾರ ಇದ್ದ ಹಾಗೇ ಇರಬೇಕು, ಸಹಿ ಹಾಕಿದ್ದೂ ಇರಬೇಕು.

ಕರಡನ್ನು ಈಜುಕೊಳಕ್ಕೆ ಒಯ್ದು ಗುಬ್ಬಿಗೆ ತೋರಿಸಲಾಯಿತು. ಅವಳು ನೀರಿನಿಂದ ಕಣ್ಣು ತೆಗೆಯುವಂತಿಲ್ಲವಾದ್ದರಿಂದ ಪಕ್ಕದಲ್ಲಿ ನಿಂತು ಓದಿ ಹೇಳಬೇಕಾಯಿತು. ಪೂರ್ತಿ ಕೇಳಿದಳು. ನಡುವೆ ಎರಡು ಸಲ ಸೀಟಿ ಊದಿದಳು. ಕೊನೆಗೆ, “ಅಚ್ಚು ಹಾಕಿಸಿ. ಆದ್ರೆ ಇದನ್ನೂ ಸೇರಿಸಿ” ಎಂದಳು. “ಕೂಗು ನನ್ನ ಬಾಯಲ್ಲೇ ಇತ್ತು. ‘ನ’ ಅಂತ ನಾಲಿಗೆ ಮೇಲೇ ಇತ್ತು. ಕೂಗಿದ್ರೆ ಮೇಷ್ಟ್ರು ಬೈತಾರೆ ಅಂತ ನುಂಗಿದೆ. ಒಂದು ಬೈಗುಳಕ್ಕೆ ಹೆದರಿದೆ. ಅದು ಯಾರೂ ಕಡತದಲ್ಲಿ ಬರೀಲಿಲ್ಲ, ನಂಗೆ ಮಾತ್ರ ಗೊತ್ತು.”

ಇದನ್ನು ಮೇಷ್ಟ್ರಿಗೆ ತಿಳಿಸಿದಾಗ ಅವರು ತಾವು ಬರೆದಿದ್ದ ಹೇಳಿಕೆಯನ್ನು ಹರಿದು, ಮತ್ತೆ ಬರೆದರು. ಅದು ಒಂದಕ್ಷರವೂ ಬದಲಾಗದೆ ಇಲ್ಲಿದೆ:

‘ಅಂದು ಅಭ್ಯಾಸವನ್ನು ಆರಿಸಿದವನು ನಾನು. ಸೋಲಿನ ಸಿಟ್ಟಿನಲ್ಲಿ ಆರಿಸಿದೆ. ಕೂಗಬಾರದೆಂದು ಎಲ್ಲರಿಗೂ ಹೇಳಿದೆ, ಈ ಹುಡುಗಿಗೆ ಬೇರೆಯಾಗಿಯೇ ಹೇಳಿದೆ. ಪೆಟ್ಟು ಬಿದ್ದ ಮಗುವನ್ನು ಬೆಂಚಿನ ಮೇಲೆ ಕೂರಿಸಿ ಅಭ್ಯಾಸ ಮುಂದುವರಿಸಿದೆ. ಅನಂತರ ಸುಳ್ಳಿಗೆ ಸಹಿ ಹಾಕಿದೆ. ಈ ಹುಡುಗಿ ಮಾಡಿದ್ದು ಒಂದೇ, ನನ್ನನ್ನು ನಂಬಿದ್ದು. ಅವಳು ನುಂಗಿದ ಕೂಗು ನನ್ನದು. ಅದನ್ನು ನನ್ನ ಲೆಕ್ಕಕ್ಕೆ ಬರೆಯಿರಿ.’

ಕೆಳಗೆ ಅಂದು ಬಯಲಿನಲ್ಲಿದ್ದ ಒಂಬತ್ತು ಮಂದಿ ಸಹಿ ಹಾಕಿದ್ದಾರೆ. ಏಣಿಯ ತಾಯಿಯೂ ಸಹಿ ಹಾಕಿದ್ದಾರೆ. ಸಮಾರಂಭಕ್ಕೆ ಬರಲು ಅವರು ಒಪ್ಪಲಿಲ್ಲ. ಪುಸ್ತಕದ ಒಂದು ಪ್ರತಿಯನ್ನು ಮಾತ್ರ ಕಳಿಸಿಕೊಡಿ ಎಂದಿದ್ದಾರೆ.

ಗುರುವಿಗೆ ದೀರ್ಘಾಯುಷ್ಯ ಕೋರಿ ಲೇಖನ ಮುಗಿಸುವುದು ವಾಡಿಕೆ. ಮೇಷ್ಟ್ರೇ, ನೀವು ನೂರು ಕಾಲ ಬಾಳಿ. ನಿಮಗೆ ನೆಮ್ಮದಿ ಸಿಗಲಿ ಎಂದು ಹಾರೈಸಿದರೆ ನೀವೇ ಒಪ್ಪುವುದಿಲ್ಲ, ಅದಕ್ಕೇ ಆ ಮಾತು ಇಲ್ಲ. ನಿಮ್ಮ ಮೊಣಕಾಲು ಗಟ್ಟಿಯಾಗಿರಲಿ. ಗುಬ್ಬಿಯ ಅರ್ಜಿಯ ಗಡುವಿಗೆ ಇನ್ನು ಇಪ್ಪತ್ತೆರಡು ದಿನ ಉಳಿದಿದೆ. ಗ್ರಂಥ ಬಿಡುಗಡೆಯಾದ ಮರುದಿನ ಬೆಳಗ್ಗೆ, ಅಚ್ಚಿನ ಮಸಿ ಇನ್ನೂ ಕೈಗೆ ಅಂಟುತ್ತಿರುವಾಗಲೇ, ಈ ಪುಟಕ್ಕೆ ಗುರುತು ಇಟ್ಟುಕೊಂಡು ನೀವು ಆ ಮೂರು ಮಹಡಿ ಹತ್ತುವಿರಿ. ದಾಖಲೆ ಕೋಣೆಯ ಬಾಗಿಲು ತೆರೆದಿರಲಿ. ಆ ಹೊಸ ಗುಮಾಸ್ತೆ ದಾರ ಬಿಚ್ಚಿ, ಕಡತದಲ್ಲಿ ಜಾಗ ಮಾಡಲಿ.